ಚನ್ನಪಟ್ಟಣದ ದಾಯಿರೆಯವರು ಮತ್ತು ಕುರಾನಿನ ಅರ್ಥನಿರ್ಣಯ

2007ರಲ್ಲಿ ಒಂದು ಜಿಲ್ಲೆಯಾಗಿ ಕೂಡಿಬಂದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಗಳ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಕೋಟೆಗಳಿಂದ ತೊಡಗಿ ಕೋಟೆಗಳಲ್ಲಿಯೇ ಮುಗಿಸುತ್ತಾರೆ. ಮಾಗಡಿಗೆ ಕೆಂಪೇಗೌಡರ ವಂಶವೂ ಸಾವನದುರ್ಗವೂ ಉಂಟು. ಆ ದುರ್ಗವೂ ರಾಮಗಿರಿಯೂ 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯದ ವಶವಾದುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಅದೇ ಯುದ್ಧಕಾಲದಲ್ಲಿ ಶತ್ರುವಿಗೆ ಆಸರೆ ದೊರೆಯಬಾರದೆಂದು ಟೀಪು ಸುಲ್ತಾನನು ಕಾನಕಾನಹಳ್ಳಿಯನ್ನು, ಎಂದರೆ ಇಂದಿನ ಕನಕಪುರವನ್ನು, ಹಾಳುಗೆಡವಿಸಿದನು. ರಾಮನಗರವು 1800ರಲ್ಲಿ ಪೂರ್ಣಯ್ಯನವರು ಹೆದ್ದಾರಿಯ ರಕ್ಷಣೆಗಾಗಿ ನೆಲೆಗೊಳಿಸಿ, ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿಟ್ಟ ಕ್ಲೋಸ್‌ಪೇಟೆ. ಚನ್ನಪಟ್ಟಣದ ಕೋಟೆ ಜಗದೇವರಾಯನದು. 1630ರಲ್ಲಿ ಅದು ಮೈಸೂರಿಗೆ ಸೇರಿತು. ಇಷ್ಟನ್ನು ಹೇಳಿ ರೇಷ್ಮೆಯನ್ನೂ ಗೊಂಬೆಗಳನ್ನೂ ಸೇರಿಸಿದರೆ ಈ ಸೀಮೆಯ ಚರಿತ್ರೆ ಪೂರ್ಣವಾಯಿತೆಂದು ತಿಳಿಯುವವರೇ ಹೆಚ್ಚು.

ಚನ್ನಪಟ್ಟಣದ ಒಂದು ಜನವರ್ಗವನ್ನು ಈ ಬರಹಗಳು ಎರಡು ಸಾಲಿನಲ್ಲಿ ಹೇಳಿ ಬಿಡುತ್ತವೆ. ರೈಸ್ ಸಾಹೇಬರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಅಲ್ಲಿಯ ಶುಕ್ರವಾರಪೇಟೆಯನ್ನು ವರ್ಣಿಸುವಾಗ, ಅಲ್ಲಿ ಲಬ್ಬೆ ಮತ್ತು ದಾಯಿರೆ ಪಂಗಡಗಳ ಮುಸಲ್ಮಾನರು ಬಹುಮಂದಿ ಇರುವರೆಂದೂ ಪಶ್ಚಿಮ ಕರಾವಳಿಯೊಡನೆ ವ್ಯಾಪಾರ ಮಾಡುವರೆಂದೂ ತಿಳಿಸುತ್ತಾರೆ. ದಾಯಿರೆಯವರು ಬರಬೇಕಾಗಿದ್ದ ಮಹದಿಯು ಆಗಲೇ ಬಂದು ಹೋದನೆಂದು ನಂಬುವವರು, ರೇಷ್ಮೆಯ ವ್ಯಾಪಾರದಿಂದ ಅನುಕೂಲಸ್ಥರಾದವರು ಎಂಬುದು ಆ ಕಾಲದ ಸರ್ಕಾರಿ ಬರಹಗಳ ಸಾರ. ಜನರ ಬಾಯಲ್ಲಿಯೂ ಕೆಲವು ಗ್ರಂಥಗಳಲ್ಲಿಯೂ ಅವರಿಗೆ ‘ಗೈರ್ ಮಹದಿ’ ಎಂಬ ಹೆಸರಿತ್ತು. ಗೈರುಹಾಜರಿ ಎಂಬ ಮಾತನ್ನು ಬಲ್ಲ ಕನ್ನಡಿಗರಿಗೆ ಇದರ ವಿಚಿತ್ರ ಕೂಡಲೇ ಹೊಳೆಯುತ್ತದೆ: ಮಹದಿಯನ್ನು ಒಪ್ಪಿದವರಿಗೇ ‘ಮಹದಿ ಇಲ್ಲದವರು’ ಎಂಬ ಹೆಸರು! ಇನ್ನು ಮುಂದೆ ಬರುವ ಮಹದಿ ಇಲ್ಲವೆನ್ನುವವರು ಎಂದು ಅದಕ್ಕೆ ಅರ್ಥ ಹೇಳುವುದುಂಟು. ಅವರು ತಮ್ಮನ್ನು ಕರೆದುಕೊಳ್ಳುವುದು ಮಹದವಿಗಳೆಂದು. ದಾಯಿರೆ ಎಂದರೆ ವರ್ತುಲ. ಗುರುವಿನ ಸುತ್ತ ನೆಲೆಸಿದ ಭಕ್ತರ ವಸತಿಗೆ ಆ ಹೆಸರು ಸಲ್ಲುತ್ತಿತ್ತು.

ಇವರು ನೆರೆಯ ಮುಸಲ್ಮಾನರಿಂದ ಬೇರೆಯಾಗಿ ನಿಂತುದೇಕೆ? ನಮ್ಮ ಲೇಖಕರು ಇದನ್ನು ‘ಪಂಥಭೇದ’ ಎಂಬ ಒಂದು ಪದದಿಂದ ತೀರಿಸುತ್ತಾರೆ. ಆದರೆ ಆ ಭೇದವು ನಮಾಜಿನ ಕ್ರಮದಿಂದಾಗಲಿ ಉಪವಾಸದ ನಿಯಮದಿಂದಾಗಲಿ ಹುಟ್ಟಿದುದಲ್ಲ. ಅವುಗಳಲ್ಲಿ ಎರಡು ಪಕ್ಷಗಳೂ ಬಹುಮಟ್ಟಿಗೆ ಒಂದೇ. ಕುರಾನಿನ ಕೆಲವು ವಾಕ್ಯಗಳನ್ನು ಹೇಗೆ ಓದಬೇಕೆಂಬ ವಿಚಾರದಲ್ಲಿ ಅದರ ಬೇರು ಇದೆ. ಆ ಬೇರಿನವರೆಗೆ ಹೋಗದೆ ಟೀಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ನಡೆದ ಒಂದು ಘಟನೆ ಅರ್ಥವಾಗದೆಂಬುದು ನಮ್ಮ ಅಭಿಪ್ರಾಯ.

ಕುರಾನಿನ ವಾಕ್ಯಗಳ ಅರ್ಥವನ್ನು ನಿರ್ಣಯಿಸಲು ಮುಸಲ್ಮಾನ ವಿದ್ವಾಂಸರು ಶತಮಾನಗಳ ಕಾಲ ಬೆಳೆಸಿದ ಶಾಸ್ತ್ರವೊಂದಿದೆ. ನಮ್ಮ ಮೀಮಾಂಸಕರು ಉಪಕ್ರಮ, ಉಪಸಂಹಾರ, ಅಭ್ಯಾಸ ಮುಂತಾದ ತಾತ್ಪರ್ಯಲಿಂಗಗಳನ್ನು ಹೇಳಿದಂತೆ ಅವರೂ ನಿಯಮಗಳನ್ನು ಹೇಳಿದರು. ಒಂದು ವಾಕ್ಯವನ್ನು ಮೊದಲು ಕುರಾನಿನ ಇತರ ವಾಕ್ಯಗಳಿಂದ ವಿವರಿಸಬೇಕು. ಆಮೇಲೆ ಪೈಗಂಬರರ ನಡೆನುಡಿಗಳಿಂದ. ಅನಂತರ ಅವರ ಸಂಗಡಿಗರ ಹೇಳಿಕೆಗಳಿಂದ. ಈ ಕ್ರಮವನ್ನು 1328ರಲ್ಲಿ ತೀರಿಕೊಂಡ ಇಬ್ನ್ ತೈಮಿಯ್ಯ ಒಂದು ಸಣ್ಣ ಗ್ರಂಥದಲ್ಲಿ ಸ್ಪಷ್ಟವಾಗಿ ನಿರೂಪಿಸಿದನು. ವಾಕ್ಯವು ಯಾವ ಸಂದರ್ಭದಲ್ಲಿ ಅವತರಿಸಿತು ಎಂಬುದನ್ನು ವಿಚಾರಿಸಬೇಕು. ಆದರೆ ಇಲ್ಲಿಯೇ ಒಂದು ಎಚ್ಚರಿಕೆಯೂ ಉಂಟು: ಸಂದರ್ಭವು ವಿಶೇಷವಾಗಿದ್ದರೂ ಪದಗಳು ಸಾಮಾನ್ಯವಾಗಿದ್ದರೆ, ಪದಗಳ ಸಾಮಾನ್ಯಾರ್ಥವೇ ಪ್ರಮಾಣವೆಂದು ಬಹುಮಂದಿ ಶಾಸ್ತ್ರಜ್ಞರು ಹೇಳುತ್ತಾರೆ. ಹಿಂದಿನ ಆಜ್ಞೆಯನ್ನು ಮುಂದಿನ ಆಜ್ಞೆ ರದ್ದುಗೊಳಿಸಿರಬಹುದೆಂಬ ‘ನಸ್ಖ್’ ತತ್ತ್ವವೂ ಇದೆ. ರದ್ದಾದ ವಾಕ್ಯಗಳೆಷ್ಟು ಎಂಬುದರಲ್ಲಿ ಒಮ್ಮತವಿರಲಿಲ್ಲ; ಈಜಿಪ್ಟಿನ ಸುಯೂತಿ ಅವನ್ನು ಸುಮಾರು ಇಪ್ಪತ್ತಕ್ಕೆ ಇಳಿಸಿದರೆ, ದೆಹಲಿಯ ಷಾ ವಲೀಉಲ್ಲಾ (1703–1762) ಐದಕ್ಕೆ ಇಳಿಸಿದನು.

ಇವುಗಳಲ್ಲೆಲ್ಲ ಕುತೂಹಲಕರವಾದುದು ಮೂರನೆಯ ಅಧ್ಯಾಯದ ಏಳನೆಯ ವಾಕ್ಯ. ಕುರಾನಿನಲ್ಲಿ ಸ್ಪಷ್ಟಾರ್ಥದ ವಾಕ್ಯಗಳೂ ಸಂದಿಗ್ಧಾರ್ಥದ ವಾಕ್ಯಗಳೂ ಇವೆಯೆಂದು ಅದು ತಾನೇ ಹೇಳುತ್ತದೆ. ಸ್ಪಷ್ಟವಾದವು ಗ್ರಂಥದ ಮೂಲ. ಸಂದಿಗ್ಧವಾದವುಗಳ ಅರ್ಥವನ್ನು ಬಲ್ಲವರು ಯಾರು? ಓದುವಾಗ ದೇವರ ಹೆಸರಿನ ಬಳಿ ನಿಲ್ಲಿಸಿದರೆ ದೇವರೊಬ್ಬನೇ ಬಲ್ಲನೆಂದಾಗುತ್ತದೆ. ನಿಲ್ಲಿಸದೆ ಮುಂದುವರಿದರೆ ಜ್ಞಾನದಲ್ಲಿ ದೃಢರಾದವರೂ ಬಲ್ಲರೆಂದಾಗುತ್ತದೆ. ಎರಡೂ ಓದುಗಳಿಗೆ ಪ್ರಾಚೀನ ಆಧಾರಗಳಿವೆ. ಅರ್ಥ ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆ ಹೀಗೆ ಒಂದು ವಿರಾಮದ ಮೇಲೆ ನಿಂತಿತು. ನಮ್ಮ ಪ್ರಸ್ತುತ ವಿಷಯದಲ್ಲಿ ಅದೇ ಪ್ರಶ್ನೆ ಒಂದು ಅವ್ಯಯದ ಮೇಲೆ ನಿಂತಿರುವುದನ್ನು ಕಾಣುವೆವು.

ಮಹದವಿ ಪಂಥದ ಮೂಲಪುರುಷನಾದ ಸೈಯದ್ ಮಹಮದನು 1443ರಲ್ಲಿ ಜೌನ್‌ಪುರದಲ್ಲಿ ಜನಿಸಿದನು. ತಾನೇ ಮಹದಿಯೆಂದು ಮೊದಲು ಮೆಕ್ಕಾದಲ್ಲಿಯೂ ಆಮೇಲೆ ಅಹಮದಾಬಾದಿನಲ್ಲಿಯೂ, 1500ರ ಸುಮಾರಿಗೆ ಗುಜರಾತಿನ ಪಾಟಣದ ಬಳಿಯ ಬಡಲಿಯಲ್ಲಿಯೂ ಘೋಷಿಸಿದನು. ಊರಿಂದೂರಿಗೆ ಹೊರದೂಡಲ್ಪಟ್ಟು 1505ರಲ್ಲಿ ಈಗಿನ ಆಫ್ಘಾನಿಸ್ತಾನದ ಫರಾಹ್ ಪಟ್ಟಣದಲ್ಲಿ ಮರಣ ಹೊಂದಿದನು. ಕುರಾನಿನ ವ್ಯಾಖ್ಯಾನಶಾಸ್ತ್ರವನ್ನೆಲ್ಲ ಒಂದು ಮಹಾಗ್ರಂಥದಲ್ಲಿ ಸಂಗ್ರಹಿಸಿದ ಸುಯೂತಿಯೂ ಕೈರೋದಲ್ಲಿ ತೀರಿಕೊಂಡುದು ಅದೇ 1505ರಲ್ಲಿ. ಇದು ಕಾಕತಾಳೀಯವೇ ಸರಿ. ಆದರೂ ನಿಯಮಗಳನ್ನು ಕೂಡಿಹಾಕಿದವನೂ, ನಿಯಮಗಳ ಆಚೆಗೆ ಒಬ್ಬ ವ್ಯಾಖ್ಯಾನಕಾರನಿರುವನೆಂದು ಸಾರಿದವನೂ ಒಂದೇ ವರ್ಷ ಗತಿಸಿದುದನ್ನು ನೆನಪಿಡುವುದು ವಿದ್ಯಾರ್ಥಿಗಳಿಗೆ ಅನುಕೂಲ.

ಎಪ್ಪತ್ತೈದನೆಯ ಅಧ್ಯಾಯದ 16ರಿಂದ 19ರವರೆಗಿನ ವಾಕ್ಯಗಳು ಚಿಕ್ಕವು. ಅವತರಿಸುತ್ತಿರುವ ವಚನವನ್ನು ಬೇಗನೆ ಹಿಡಿಯಲು ನಾಲಗೆಯನ್ನು ಅವಸರಪಡಿಸಬೇಡ; ಅದನ್ನು ಕೂಡಿಸುವುದೂ ಓದಿಸುವುದೂ ನಮ್ಮ ಹೊಣೆ; ನಾವು ಓದಿದಾಗ ನೀನು ಅನುಸರಿಸು; ಆಮೇಲೆ ಅದನ್ನು ವಿವರಿಸುವುದೂ ನಮ್ಮ ಹೊಣೆ ಎಂಬುದು ಅವುಗಳ ತಾತ್ಪರ್ಯ. ‘ಆಮೇಲೆ’ ಎಂಬುದಕ್ಕೆ ಅರಬಿಯಲ್ಲಿರುವ ಅವ್ಯಯ ‘ಥುಮ್ಮ’; ‘ವಿವರಣೆ’ ಎಂಬುದಕ್ಕೆ ‘ಬಯಾನ್’. ನಮ್ಮ ಹಳೆಯ ದಫ್ತರಗಳಲ್ಲಿ ಬರುವ ‘ಬಯಾನು’ ಇದೇ ಪದ.

ಪ್ರಸಿದ್ಧವಾದ ವ್ಯಾಖ್ಯಾನಕ್ಕೆ ಸಂದರ್ಭವೇ ಆಧಾರ. ವಚನವು ಬರುತ್ತಿರುವಾಗ ಮರೆತುಹೋದೀತೆಂಬ ಭಯದಿಂದ ಪೈಗಂಬರರು ತುಟಿಗಳನ್ನು ಆಡಿಸುತ್ತಿದ್ದರೆಂದೂ ಆಗ ಈ ಅಭಯ ದೊರೆಯಿತೆಂದೂ ಇಬ್ನ್ ಅಬ್ಬಾಸನ ಹೇಳಿಕೆ ಬುಖಾರಿಯ ಸಂಗ್ರಹದಲ್ಲಿದೆ. ಆದುದರಿಂದ ವಿವರಣೆಯೂ ಪೈಗಂಬರರಿಗೇ, ಅವರ ಜೀವಿತಕಾಲದಲ್ಲಿಯೇ, ಅವರ ನಾಲಗೆಯಿಂದಲೇ ದೊರೆಯಿತು ಎಂದು ಈ ಪಕ್ಷ.

ಮಹದವಿಗಳು ‘ಥುಮ್ಮ’ ಪದವನ್ನು ಹಿಡಿಯುತ್ತಾರೆ. ಅರಬಿ ವ್ಯಾಕರಣದಲ್ಲಿ ಆ ಅವ್ಯಯವು ಬರಿಯ ಅನುಕ್ರಮವನ್ನಲ್ಲ, ನಡುವಿನ ವಿಳಂಬವನ್ನೂ ಸೂಚಿಸುತ್ತದೆ. ಕೂಡಿಸುವುದು, ಓದಿಸುವುದು ಒಂದು ಕಾಲದ ಕಾರ್ಯ. ವಿವರಣೆ ಬಹುಕಾಲದ ಅನಂತರದ ಕಾರ್ಯ. ಆ ವಿವರಣೆ ಮಹದಿಯ ನಾಲಗೆಯಿಂದ ಆಗತಕ್ಕದ್ದು ಎಂದು ಸೈಯದ್ ಮಹಮದನು ಅರ್ಥ ಹೇಳಿದನು. ಇದರೊಡನೆ ಹನ್ನೆರಡನೆಯ ಅಧ್ಯಾಯದ 108ನೆಯ ವಾಕ್ಯವನ್ನು ಸೇರಿಸಿದನು. ಕಣ್ಣಾರೆ ಕಂಡ ಅರಿವಿನಿಂದ ನಾನೂ ನನ್ನನ್ನು ಅನುಸರಿಸುವವನೂ ದೇವರೆಡೆಗೆ ಕರೆಯುತ್ತೇವೆ ಎಂಬುದು ಅದರ ಭಾವ. ಅಲ್ಲಿಯ ‘ಅನುಸರಿಸುವವನು’ ಮಹದಿಯೇ ಎಂದು ಅವನ ಮತ. ಉಳಿದವರು ಅಲ್ಲಿ ಅನುಯಾಯಿಗಳೆಲ್ಲರನ್ನೂ ಕಾಣುತ್ತಾರೆ.

ಇದನ್ನು ಬರಿಯ ಸ್ವಕಪೋಲಕಲ್ಪನೆ ಎಂದು ತಳ್ಳಿಹಾಕುವುದು ಸುಲಭ. ಆದರೆ ‘ಥುಮ್ಮ’ ಪದದ ಈ ವಿಳಂಬಾರ್ಥವನ್ನು ಮಹದವಿಗಳು ಹೊಸದಾಗಿ ಹುಟ್ಟಿಸಿದುದಲ್ಲ. ಒಂದು ಆಜ್ಞೆಯನ್ನು ಕೊಟ್ಟು ಅದರ ವಿವರಣೆಯನ್ನು ತಡಮಾಡಿ ಕೊಡಬಹುದೇ ಎಂಬ ಚರ್ಚೆ ಧರ್ಮಶಾಸ್ತ್ರಜ್ಞರಲ್ಲಿ ಬಹಳ ಹಿಂದಿನದು. ಕೊಡಬಹುದೆನ್ನುವವರು ಇದೇ ವಾಕ್ಯವನ್ನೂ ಇದೇ ಅವ್ಯಯವನ್ನೂ ಪ್ರಮಾಣವಾಗಿ ತೋರಿಸುತ್ತಿದ್ದರು. ವಿಳಂಬ ಉಂಟೆಂಬುದನ್ನು ಇಬ್ಬರೂ ಒಪ್ಪಿದ ಮೇಲೆ ಉಳಿಯುವ ಪ್ರಶ್ನೆ, ಎಷ್ಟು ವಿಳಂಬ ಎಂಬುದು ಮಾತ್ರ. ಕೆಲವು ದಿನಗಳೋ, ಒಂಬೈನೂರು ವರ್ಷಗಳೋ?

ವೇದಾಂತವನ್ನು ಓದಿದವರಿಗೆ ಇದು ಅಪರಿಚಿತವಾದ ರೀತಿಯಲ್ಲ. ಬ್ರಹ್ಮಸೂತ್ರಗಳ ಮೊದಲನೆಯ ಪದವಾದ ‘ಅಥ’ ಎಂಬುದಕ್ಕೆ ‘ಆನಂತರ್ಯ’ವೇ ಅರ್ಥವೆಂದು ಶಂಕರರೂ ರಾಮಾನುಜರೂ ಹೇಳುತ್ತಾರೆ. ಯಾವುದರ ಅನಂತರ ಎಂದಾಗ ದಾರಿ ಕವಲಾಗುತ್ತದೆ. ಸಾಧನಚತುಷ್ಟಯದ ಅನಂತರ ಎಂದು ಶಂಕರರು. ಕರ್ಮವಿಚಾರದ ಅನಂತರ ಎಂದು ರಾಮಾನುಜರು. ಚನ್ನಪಟ್ಟಣದಿಂದ ಮೇಲುಕೋಟೆಗೆ ಹೋಗುವ ದಾರಿ ದೂರದ್ದಲ್ಲ. ಒಂದು ಅವ್ಯಯದಿಂದ ಎರಡು ಜೀವನಕ್ರಮಗಳು ಹೊರಡಬಹುದೆಂಬುದನ್ನು ಅಲ್ಲಿ ಗೌರವದಿಂದ ಒಪ್ಪುವ ನಾವು ಇಲ್ಲಿ ಮಾತ್ರ ಅದನ್ನು ಹಟವೆಂದು ಕರೆಯಲು ಕಾರಣವಿಲ್ಲ.

ಈ ವಾಕ್ಯಗಳ ನೆರೆಹೊರೆಯನ್ನು ನೋಡಿದರೆ ಪ್ರಸಿದ್ಧ ವ್ಯಾಖ್ಯಾನವೇ ಹೆಚ್ಚು ಸಹಜವೆಂದು ನಮಗೆ ತೋರುತ್ತದೆ. ನಾಲ್ಕು ವಾಕ್ಯಗಳಲ್ಲಿಯೂ ಮಾತನಾಡಿಸಲ್ಪಡುವ ವ್ಯಕ್ತಿ ಒಬ್ಬನೇ. ಆದರೆ ಸಂದರ್ಭಕ್ಕಿಂತ ಪದದ ಸಾಮಾನ್ಯಾರ್ಥ ಬಲವಾದುದೆಂಬ ನಿಯಮವನ್ನು ಮುಂದಿಟ್ಟರೆ ಮಹದವಿಗಳ ವಾದಕ್ಕೂ ಎಡೆಯುಂಟು. ಎರಡು ಪಕ್ಷಗಳೂ ಒಂದೇ ಶಾಸ್ತ್ರದ ನಿಯಮಗಳನ್ನು ಒಪ್ಪಿ, ಅವುಗಳಲ್ಲಿ ಒಂದೊಂದಕ್ಕೆ ಹೆಚ್ಚಿನ ತೂಕ ಕೊಟ್ಟಿವೆ. ಈ ಅಂಶ ನಮ್ಮ ಗೆಜೆಟಿಯರುಗಳಲ್ಲಿ ಎಲ್ಲಿಯೂ ಬಂದಿಲ್ಲ.

ವಾದವು ಲಿಖಿತರೂಪದಲ್ಲಿಯೂ ನಡೆಯಿತು. ಬುರ್ಹಾನ್‌ಪುರದಲ್ಲಿ ಜನಿಸಿ ಮೆಕ್ಕಾದಲ್ಲಿ ನೆಲೆಸಿದ್ದ ಅಲಿ ಮುತ್ತಖಿ ಎಂಬ ಪಂಡಿತನು ಮಹದಿಯ ಲಕ್ಷಣಗಳನ್ನು ಹೇಳುವ ಹದೀಸುಗಳನ್ನು ಒಟ್ಟುಮಾಡಿ, ಆ ಲಕ್ಷಣಗಳು ಸೈಯದ್ ಮಹಮದನಲ್ಲಿ ಕಾಣವೆಂದು ಖಂಡಿಸಿದನು. ಅದಕ್ಕೆ ಅಬ್ದುಲ್ ಮಲಿಕ್ ಸುಜಾವಂದಿ ಎಂಬ ಮಹದವಿ ವಿದ್ವಾಂಸನು ‘ಸಿರಾಜುಲ್ ಅಬ್ಸಾರ್’ ಎಂಬ ಅರಬಿ ಗ್ರಂಥದಿಂದ ಉತ್ತರ ಕೊಟ್ಟನು. ಲಕ್ಷಣಗಳನ್ನು ಹೇಳುವ ಹದೀಸುಗಳು ಒಬ್ಬಿಬ್ಬರ ಮುಖದಿಂದ ಬಂದವು, ಒಂದಕ್ಕೊಂದು ವಿರುದ್ಧವಾದವು. ಅಂಥವು ಸಂಭಾವ್ಯಜ್ಞಾನವನ್ನು ಮಾತ್ರ ಕೊಡಬಲ್ಲವು, ಶ್ರದ್ಧೆಯ ವಿಷಯದಲ್ಲಿ ನಿಶ್ಚಯವನ್ನು ಕೊಡಲಾರವು ಎಂಬುದು ಮಹದವಿ ಪಕ್ಷದ ಮುಖ್ಯ ಉತ್ತರ. ಇದೂ ಸಂಪ್ರದಾಯದ ಶಾಸ್ತ್ರದಿಂದಲೇ ಎತ್ತಿಕೊಂಡ ಆಯುಧ. ಸೈಯದ್ ಮಹಮದನ ಅಳಿಯನೂ ಉತ್ತರಾಧಿಕಾರಿಯೂ ಆದ ಖುಂದ್‌ಮೀರನ ಹೆಸರಿನ ಶ್ರದ್ಧಾವಿವರಣೆಯಲ್ಲಿ, ಹದೀಸುಗಳು ಭಿನ್ನವಾದಾಗ ಕುರಾನಿಗೂ ಮಹದಿಯ ನಡತೆಗೂ ಹೊಂದುವುದನ್ನೇ ಸರಿಯೆಂದು ತಿಳಿಯಬೇಕೆಂಬ ನಿಯಮ ಬರುತ್ತದೆ. ಮಹದಿಯ ನಡತೆಯೂ ಪ್ರಮಾಣಗಳಲ್ಲಿ ಒಂದಾದುದು ಇಲ್ಲಿಯ ಹೊಸ ಅಂಶ. ಎದುರುಪಕ್ಷ ಎಂದೂ ಒಪ್ಪದಿದ್ದುದೂ ಇದೇ.

ಈ ವ್ಯಾಖ್ಯಾನ ಗ್ರಂಥದಲ್ಲಿ ಉಳಿಯದೆ ವಸತಿಯಾಗಿ ಬೆಳೆಯಿತು. ದಾಯಿರೆಯಲ್ಲಿ ಗುರುವು ಕುರಾನಿನ ‘ಬಯಾನ್’ ಮಾಡುವುದೇ ಮುಖ್ಯ ಕಾರ್ಯ. ಎಪ್ಪತ್ತೈದನೆಯ ಅಧ್ಯಾಯದ ಆ ಪದ ಅಲ್ಲಿ ದಿನಚರಿಯ ಹೆಸರಾಯಿತು. ಲೋಕತ್ಯಾಗ, ದೇವರ ದರ್ಶನದ ಹಂಬಲ, ನಿರಂತರ ಸ್ಮರಣೆ, ಸಜ್ಜನಸಂಗ ಇವು ಕಡ್ಡಾಯವಾದವು. ಬಂದ ಕಾಣಿಕೆಯನ್ನು ದಾಯಿರೆಯಲ್ಲಿದ್ದವರಿಗೆಲ್ಲ ಸಮನಾಗಿ ಹಂಚುತ್ತಿದ್ದರು. 1524ರಲ್ಲಿ ಖುಂದ್‌ಮೀರನು ಗುಜರಾತಿನಲ್ಲಿ ಹತನಾದನು. ಇಸ್ಲಾಂ ಷಾನ ಕಾಲದಲ್ಲಿ ಶೇಖ್ ಅಲಾಈ ಎಂಬ ಅನುಯಾಯಿ 1550ರಲ್ಲಿ ಚಾವಟಿಯ ಏಟಿನಿಂದ ಸತ್ತನು. ದಖ್ಖನಿನ ಅಹಮದ್‌ನಗರದಲ್ಲಿ ಜಮಾಲ್ ಖಾನನೆಂಬ ಮಹದವಿಯು 1589ರಿಂದ 1591ರವರೆಗೆ ಅಧಿಕಾರವನ್ನೇ ಹಿಡಿದಿದ್ದನು. ಅವನ ಪತನದ ಬಳಿಕವೂ ಮಹದವಿ ಕುಟುಂಬಗಳು ಸೈನಿಕರಾಗಿ, ವ್ಯಾಪಾರಿಗಳಾಗಿ ದಕ್ಷಿಣದ ಊರುಗಳಲ್ಲಿ ನೆಲೆಗೊಂಡವು. ಮೈಸೂರು ಸೀಮೆಯಲ್ಲಿ ಚನ್ನಪಟ್ಟಣ, ಬನ್ನೂರು, ಕಿರುಗಾವಲು ಅವರ ಮುಖ್ಯ ಸ್ಥಳಗಳೆಂದು ಗೆಜೆಟಿಯರ್ ಹೇಳುತ್ತದೆ. ಹೈದರ್ ಮತ್ತು ಟೀಪುವಿನ ಸೈನ್ಯಗಳಲ್ಲಿಯೂ ಅವರಿದ್ದರು.

ಇನ್ನು ಶ್ರೀರಂಗಪಟ್ಟಣದ ಘಟನೆ. ಕುರಾನಿನ ತೊಂಬತ್ತೇಳನೆಯ ಅಧ್ಯಾಯವು ‘ಲೈಲತುಲ್ ಖದ್ರ್’ ಎಂಬ ಮಹಿಮೆಯ ರಾತ್ರಿಯನ್ನು ಸಾವಿರ ತಿಂಗಳುಗಳಿಗಿಂತ ಮೇಲಾದುದೆಂದು ಕೊಂಡಾಡುತ್ತದೆ. ಆ ರಾತ್ರಿ ಯಾವುದೆಂದು ಅಲ್ಲಿ ಹೇಳಿಲ್ಲ. ಎರಡನೆಯ ಅಧ್ಯಾಯದ 185ನೆಯ ವಾಕ್ಯವು ಕುರಾನು ಅವತರಿಸಿದುದು ರಮಜಾನಿನಲ್ಲಿ ಎನ್ನುವುದರಿಂದ, ಕುರಾನನ್ನು ಕುರಾನಿನಿಂದ ವಿವರಿಸುವ ನಿಯಮದಂತೆ ರಾತ್ರಿಯೂ ಆ ತಿಂಗಳಿನದೆಂದು ತಿಳಿಯುತ್ತದೆ. ಹದೀಸುಗಳು ಅದನ್ನು ಕೊನೆಯ ಹತ್ತು ದಿನಗಳ ಬೆಸಸಂಖ್ಯೆಯ ರಾತ್ರಿಗಳಿಗೆ ತರುತ್ತವೆ. ಮುಂದೆ ನಿಶ್ಚಯವಿಲ್ಲ. ಪೈಗಂಬರರ ಸಂಗಡಿಗನಾದ ಉಬಯ್ಯ್ ಇಬ್ನ್ ಕಅಬನು ಅದು ಇಪ್ಪತ್ತೇಳನೆಯ ರಾತ್ರಿಯೆಂದು ಆಣೆಯಿಟ್ಟು ಹೇಳಿದನಂತೆ. ಆ ಅಧ್ಯಾಯದ ಮೂವತ್ತು ಪದಗಳಲ್ಲಿ ಆ ರಾತ್ರಿಯನ್ನು ಸೂಚಿಸುವ ಸರ್ವನಾಮವು ಇಪ್ಪತ್ತೇಳನೆಯದೆಂದೂ, ರಾತ್ರಿಯ ಹೆಸರಿನ ಒಂಬತ್ತು ಅಕ್ಷರಗಳು ಮೂರು ಸಾರಿ ಬಂದು ಇಪ್ಪತ್ತೇಳಾಗುವುವೆಂದೂ ಕೆಲವರು ಲೆಕ್ಕ ಹಾಕಿದರು. ಇಂಥ ಲೆಕ್ಕಗಳು ವ್ಯಾಖ್ಯಾನದ ಸ್ವಾರಸ್ಯಗಳೇ ಹೊರತು ಪ್ರಮಾಣಗಳಲ್ಲ. ಭಕ್ತನು ಎಲ್ಲ ರಾತ್ರಿಗಳಲ್ಲಿಯೂ ಎಚ್ಚರವಾಗಿರಲೆಂದೇ ದೇವರು ಅದನ್ನು ಮರೆಮಾಡಿದನೆಂದು ಬಹುಮಂದಿ ಪಂಡಿತರು ಸಮಾಧಾನ ಹೇಳಿದರು.

ಮಹದವಿಗಳಿಗೆ ಇಲ್ಲಿ ಅನಿಶ್ಚಯವಿಲ್ಲ. ಅಸ್ಪಷ್ಟವಾಗಿ ಬಿಟ್ಟುದನ್ನು ವಿವರಿಸುವ ಹೊಣೆ ಮಹದಿಯದು. ಅವನು ಇಪ್ಪತ್ತೇಳನೆಯ ರಾತ್ರಿಯನ್ನು ನಿರ್ಣಯಿಸಿ ಅಂದು ಎರಡು ರಕಾತುಗಳ ‘ದುಗಾನ’ ನಮಾಜನ್ನು ವಿಧಿಸಿದನು. ಆದುದರಿಂದ ಅದು ಅವರಿಗೆ ಕಡ್ಡಾಯ. ಎರಡು ವಾಕ್ಯಗಳು ಇಲ್ಲಿ ಒಂದಕ್ಕೊಂದು ಬೆಸೆದುಕೊಂಡಿರುವುದನ್ನು ಗಮನಿಸಬೇಕು. ‘ಥುಮ್ಮ’ ಪದದ ಅವರ ಅರ್ಥವನ್ನು ಒಪ್ಪಿದರೆ ಆ ರಾತ್ರಿಯ ನಮಾಜು ದೇವರ ಆಜ್ಞೆ. ಒಪ್ಪದಿದ್ದರೆ ಅದು ಹೊಸದಾಗಿ ತಂದ ಆಚರಣೆ. ನಡುವೆ ಮೂರನೆಯ ದಾರಿಯಿಲ್ಲ.

1832ರಲ್ಲಿ ಹರ್ಕ್‌ಲಾಟ್ಸನು ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಖಾನೂನೆ ಇಸ್ಲಾಂ’ ಗ್ರಂಥದಲ್ಲಿ, ದಕ್ಷಿಣದವನೇ ಆದ ಜಾಫರ್ ಷರೀಫನು ಈ ರಾತ್ರಿಯ ವರ್ಣನೆಯನ್ನು ಕೊಟ್ಟಿರುವನು. ನಮಾಜು ಮುಗಿದ ಮೇಲೆ ಮಹದಿಯು ಬಂದು ಹೋದನೆಂದು ಅವರು ಗಟ್ಟಿಯಾಗಿ ಸಾರುತ್ತಿದ್ದರೆಂದೂ, ಅದರಿಂದ ನೆರೆಯವರು ಕೆರಳಿ ಜಗಳಗಳಾಗುತ್ತಿದ್ದವೆಂದೂ ಅವನು ಹೇಳುತ್ತಾನೆ. ಅವನು ಹೊರಗಿನವನೆಂಬುದನ್ನು ಮರೆಯದೆ ಇದನ್ನು ಓದಬೇಕು. ಟೀಪುವಿನ ಚರಿತ್ರಕಾರನಾದ ಕಿರ್ಮಾನಿಯೂ ಈ ಇಪ್ಪತ್ತೇಳನೆಯ ರಾತ್ರಿಯ ಕೂಟವೇ ಕಾರಣವಾಗಿ ಸುಲ್ತಾನನಿಗೂ ಮಹದವಿಗಳಿಗೂ ವಿರಸ ಬೆಳೆದುದನ್ನೂ, 1792ರ ಒಪ್ಪಂದದ ಬಳಿಕದ ವರ್ಷಗಳಲ್ಲಿ ಅವರನ್ನು ಹೊರಹಾಕಿದುದನ್ನೂ ಬರೆದಿದ್ದಾನೆ. ಕಿರ್ಮಾನಿ ಸುಲ್ತಾನನ ಪತನದ ಅನಂತರ ಬರೆದವನು. ಆಸ್ಥಾನದ ಯಾರ ಮೇಲೆ ತಪ್ಪು ಹೊರಿಸಬೇಕೆಂಬುದರಲ್ಲಿ ಅವನಿಗೆ ಪಕ್ಷಪಾತವಿಲ್ಲದಿರಲಿಲ್ಲ.

ಈ ಗಡೀಪಾರಿನ ಬಗ್ಗೆ ನಮ್ಮವರ ವಿವರಣೆಗಳು ಎರಡು ಬಗೆ. ಟೀಪುವಿನ ಮತಾಂಧತೆ ಎಂದು ಒಬ್ಬರು. ಶಿಸ್ತಿಗೆ ಬಗ್ಗದ ಸೈನಿಕರನ್ನು ತೆಗೆದುಹಾಕಿದನೆಂದು ಇನ್ನೊಬ್ಬರು. ಎರಡರಲ್ಲಿಯೂ ಮಹದವಿಗಳು ಮೂಕರು. ರಾಜಧಾನಿಯ ಶಾಂತಿಗಾಗಿ ಒಂದು ರಾತ್ರಿಯ ಪ್ರಾರ್ಥನೆಯನ್ನು ಬಿಡಲು ಅವರೇಕೆ ಒಪ್ಪಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಐಚ್ಛಿಕವಾದ ಪ್ರಾರ್ಥನೆಯನ್ನು ಮುಂದೂಡಬಹುದಿತ್ತು. ಕಡ್ಡಾಯವೆಂದು ನಂಬಿದುದನ್ನು ಸುಲ್ತಾನನ ಅಪ್ಪಣೆಯಿಂದ ಬಿಟ್ಟಿದ್ದರೆ ಎಪ್ಪತ್ತೈದನೆಯ ಅಧ್ಯಾಯದ ತಮ್ಮ ಅರ್ಥವನ್ನೇ ಬಿಟ್ಟಂತಾಗುತ್ತಿತ್ತು. ಸುಲ್ತಾನನ ಕಡೆಯಿಂದ ನೋಡಿದರೂ ತೊಡಕು ಸಣ್ಣದಲ್ಲ. ಒಪ್ಪದವನನ್ನು ಶ್ರದ್ಧೆಯಿಂದ ಹೊರಗಿನವನೆಂದು ಸಾರುವ ಘೋಷವನ್ನು ದಂಡಿನ ನಡುವೆ ನಡೆಯಗೊಡುವುದು, ಎರಡು ವರ್ಷಗಳ ಯುದ್ಧದಲ್ಲಿ ಅರ್ಧ ರಾಜ್ಯವನ್ನು ಕಳೆದುಕೊಂಡ ದೊರೆಗೆ ಸುಲಭವಾಗಿರಲಿಲ್ಲ. ಗಡೀಪಾರನ್ನು ನಾವು ಸಮರ್ಥಿಸುತ್ತಿಲ್ಲ. ಪ್ರಾರ್ಥನೆಗಾಗಿ ಕುಟುಂಬಗಳನ್ನು ಊರು ಬಿಡಿಸುವುದು ಅನ್ಯಾಯವೇ.

ಹತ್ತೊಂಬತ್ತನೆಯ ಶತಮಾನದ ಬರಹಗಳಲ್ಲಿ ದಾಯಿರೆಯವರು ಚನ್ನಪಟ್ಟಣದ ಪೇಟೆಯಲ್ಲಿ ರೇಷ್ಮೆಯ ವರ್ತಕರಾಗಿ ನೆಮ್ಮದಿಯಿಂದ ಇರುವುದನ್ನು ಕಾಣುತ್ತೇವೆ. ಅದೇ ಪಟ್ಟಣದ ಉತ್ತರಕ್ಕೆ ಎರಡು ದೊಡ್ಡ ಗೋರಿಗಳಿವೆ. ಒಂದು, ಟೀಪುವಿನ ಧರ್ಮಗುರುವೆಂದು ರೈಸ್ ಹೇಳುವ ಅಕಲ್ ಷಾ ಖಾದ್ರಿಯದು. ಮತ್ತೊಂದು, ಇಂಗ್ಲಿಷ್ ಸೆರೆಯಾಳುಗಳೊಡನೆ ದಯೆಯಿಂದ ನಡೆದುಕೊಂಡನೆಂದು ಹೆಸರಾದ ಬೆಂಗಳೂರಿನ ಕಿಲ್ಲೇದಾರ ಸೈಯದ್ ಇಬ್ರಾಹಿಮನದು. ಸುಲ್ತಾನನ ಗುರುವಿನ ಸಮಾಧಿಯೂ ಸುಲ್ತಾನನು ಹೊರಹಾಕಿದವರ ದಾಯಿರೆಯೂ ಒಂದೇ ಊರಿನಲ್ಲಿ ಉಳಿದಿವೆ. ನಮ್ಮ ಪ್ರವಾಸಕೈಪಿಡಿಗಳು ಮೊದಲನೆಯದನ್ನು ತೋರಿಸಿ ಗೊಂಬೆಯ ಅಂಗಡಿಗೆ ಹೊರಡುತ್ತವೆ.

ಈ ಸೀಮೆಯ ಕಾಲೇಜುಗಳಲ್ಲಿ ಸಂಶೋಧನೆಗೆ ತೊಡಗಿರುವ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಇನ್ನೂ ಉಳಿದಿದೆ. ‘ಬಯಾನ್’ ಬಾಯಿಂದ ಬಾಯಿಗೆ ಬಂದುದು. ಅದರ ಭಾಷೆ ಫಾರಸಿಯಿಂದ ದಖ್ಖನೀ ಉರ್ದುವಿಗೆ ಇಳಿದುಬಂದಿತು. ಮನೆಗಳಲ್ಲಿರಬಹುದಾದ ಕೈಬರಹಗಳನ್ನೂ ಗುರುಪರಂಪರೆಯ ಪಟ್ಟಿಗಳನ್ನೂ ಹಿರಿಯರ ಅನುಮತಿ ಪಡೆದು ನೋಡಬೇಕು. ಹಾಗೆ ಹೋಗುವವರು ಒಂದು ಸಣ್ಣ ವಿಷಯವನ್ನು ತಿಳಿದಿರುವುದು ಒಳ್ಳೆಯದು. ಮುಸಲ್ಮಾನರ ಲೆಕ್ಕದಲ್ಲಿ ದಿನವು ಸೂರ್ಯಾಸ್ತದಿಂದ ಆರಂಭವಾಗುತ್ತದೆ. ಆದುದರಿಂದ ದುಗಾನ ನಮಾಜಿಗೆ ಜನ ಸೇರುವ ಇಪ್ಪತ್ತೇಳನೆಯ ರಾತ್ರಿಯು ಬರುವುದು ಇಪ್ಪತ್ತಾರನೆಯ ಹಗಲು ಕಳೆದ ಸಂಜೆಗೆ.